ಪಾಠದಲ್ಲಿದ್ದ ಸುಣ್ಣದ ಸಾಲು

ನನ್ನ ಮೊಮ್ಮಗಳು ಚಿಂತಾಮಣಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಾಳೆ. ಇದನ್ನು ಬರೆಯುವಾಗಲೂ ನನಗೆ ಸುಮ್ಮನೆ ಕೂತಿರಲು ಆಗುವುದಿಲ್ಲ, ಎದ್ದು ಎರಡು ಸಲ ಅಂಗಳಕ್ಕೆ ಹೋಗಿ ಬಂದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಅವಳ ಅಜ್ಜಿ, ಅಂದರೆ ನನ್ನ ಹೆಂಡತಿ, ಶಾಲೆಯ ಮೆಟ್ಟಿಲನ್ನೇ ಹತ್ತಿದವಳಲ್ಲ. ನಮ್ಮಂಥವರ ಮನೆಯಲ್ಲಿ, ಒಳಗೆ ಬಂದರೆ ಅರವತ್ತು ಎಪ್ಪತ್ತು ಮಕ್ಕಳು ಎದ್ದು ನಿಲ್ಲುವಂಥ ಹೆಣ್ಣುಮಗಳು ಹುಟ್ಟಿದಳು. ಬಸ್ಸಿನಲ್ಲಿ ಪಕ್ಕಕ್ಕೆ ಯಾರು ಕೂತರೂ ಎರಡು ಊರು ದಾಟುವುದರೊಳಗೆ ಅವರಿಗೆ ಈ ಸುದ್ದಿ ತಿಳಿದಿರುತ್ತದೆ. ನಮ್ಮ ಕಡೆ ವಯಸ್ಸಾದವರನ್ನು ತೆಲುಗಿನಲ್ಲಿ ಪೆದ್ದಾಯನ, ಅಂದರೆ ದೊಡ್ಡವರು, ಎಂದು ಕರೆಯುತ್ತಾರೆ. ಒಂದು ಸಲ ಕಂಡಕ್ಟರೇ, "ಪೆದ್ದಾಯನಾ, ಇದನ್ನ ಹೋದ ವಾರಾನೂ ಹೇಳಿದ್ರಿ. ಮೊದ್ಲು ಟಿಕೆಟ್ ತಗೊಳ್ಳಿ" ಅಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ.

ಇಷ್ಟು ಸಂತೋಷ ಕೊಟ್ಟ ಮಗುವಿನ ಕೆಲಸದೊಳಗೆ ನಾನು ಒಂದು ಸುಳ್ಳು ಸೇರಿಸಿಬಿಟ್ಟೆ. ಅದೂ ನನ್ನ ಹೆಂಡತಿಯ ಪಾಲನ್ನು ಕಿತ್ತುಕೊಂಡು. ಅದನ್ನು ಬರೆದಿಡಬೇಕು ಎಂದೇ ಈ ನೋಟ್‌ಬುಕ್ ತೆಗೆದಿದ್ದೇನೆ.

ನಮ್ಮದು ಶಿಡ್ಲಘಟ್ಟ ತಾಲ್ಲೂಕು, ದಿಬ್ಬೂರಹಳ್ಳಿಯಿಂದ ಒಳಗೆ ಹೋಗಬೇಕು. ಎರಡು ಎಕರೆ ಹಿಪ್ಪುನೇರಳೆ ತೋಟ, ಮಿಕ್ಕಿದ್ದರಲ್ಲಿ ರಾಗಿ, ಅವರೆ, ಟೊಮ್ಯಾಟೊ. ಚಿಕ್ಕ ಮಗ, ಸೊಸೆ ನಮ್ಮ ಜೊತೆಯಲ್ಲೇ ಇದ್ದಾರೆ. ದೊಡ್ಡ ಮಗ ಚಿಕ್ಕಬಳ್ಳಾಪುರದಲ್ಲಿ ನೌಕರಿಯಲ್ಲಿದ್ದಾನೆ. ನಾನು ಹೇಳುತ್ತಿರುವ ಮೊಮ್ಮಗಳು ಅವನ ಮಗಳು, ಬೆಳೆದದ್ದು ಅಲ್ಲೇ. ರಜಕ್ಕೆ ನಮ್ಮಲ್ಲಿಗೆ ಬರುತ್ತಿದ್ದಳು. ಆದರೆ ರೇಷ್ಮೆ ಹುಳು ಸಾಕುವ ಮನೆಯೊಳಕ್ಕೆ ನಾವು ಮಕ್ಕಳನ್ನು ಬಿಡುವುದಿಲ್ಲ. ಹೊರಗಿನ ಕಾಲು, ಹೊರಗಿನ ಧೂಳು ಹುಳುವಿಗೆ ಆಗಿಬರುವುದಿಲ್ಲ. ಹಾಗಾಗಿ ಅವಳು ಹೊಸ್ತಿಲಾಚೆ ನಿಂತು ಇಣುಕಿದ್ದಷ್ಟೇ. ಸೊಪ್ಪು ಒಳಗೆ ಹೋಗುವುದು, ಗೂಡು ಹೊರಗೆ ಬರುವುದು ಎರಡೂ ಅವಳಿಗೆ ಗೊತ್ತಿತ್ತು, ನಡುವೆ ಏನು ನಡೆಯುತ್ತದೆ ಎಂಬುದು ಗೊತ್ತಿರಲಿಲ್ಲ.

ಆ ನಡುವಿನದು ನನಗೂ ಗೊತ್ತಿರಲಿಲ್ಲ ಎಂದರೆ ನೀವು ನಂಬಬೇಕು. ಹುಳು ಮನೆ ನನ್ನ ಹೆಂಡತಿಯದು. ನಾನು ಹೊಗೆಸೊಪ್ಪು ಹಾಕುವವನು. ಹೊಗೆಸೊಪ್ಪಿನ ಕೈ ತಾಗಿದ ಎಲೆ ತಿಂದರೆ ರೇಷ್ಮೆ ಹುಳು ಬದುಕುವುದಿಲ್ಲ. ಮದುವೆಯಾದ ಹೊಸದರಲ್ಲಿ ಹಾಗೇ ಒಂದು ದಿನ ಒಳಗೆ ಹೋಗಿ, ಅವಳಿಗೆ ಸಹಾಯವಾಗಲಿ ಎಂದು ಎರಡು ತಟ್ಟೆಗೆ ಸೊಪ್ಪು ಉದುರಿಸಿದ್ದೆ. ಸಂಜೆಯೊಳಗೆ ಆ ಎರಡು ತಟ್ಟೆಯ ಹುಳುಗಳು ತಲೆ ಎತ್ತಿ, ಹಸಿರು ಕಕ್ಕಿ, ಒರಗಿದವು. ಅವಳು ಅಳಲಿಲ್ಲ, ಬೈಯಲೂ ಇಲ್ಲ. "ಇನ್ನು ಮೇಲೆ ನಿಮ್ಮ ಕಾಲು ಈ ಹೊಸ್ತಿಲಿಂದ ಆಚೆಗೇ ಇರ್ಲಿ" ಅಂದಳು, ಅಷ್ಟೆ. ಅವತ್ತಿನಿಂದ ನನ್ನ ಕೆಲಸ ಮೊಣಕೈತನಕ ಸೋಪು ಹಾಕಿ ತೊಳೆದು ಸೊಪ್ಪು ಕೊಯ್ಯುವುದು, ಹೊರೆ ತಂದು ಹೊಸ್ತಿಲಿಗೆ ಹಾಕುವುದು, ಶಿಡ್ಲಘಟ್ಟದಿಂದ ಸುಣ್ಣ ಮತ್ತು ಔಷಧಿ ಪುಡಿಯ ಮೂಟೆ ಹೊತ್ತು ತರುವುದು, ಗೂಡಾದ ಮೇಲೆ ಮಾರುಕಟ್ಟೆಗೆ ಒಯ್ಯುವುದು. ಮಾರುಕಟ್ಟೆಯಲ್ಲಿ ಗೂಡು ಹಿಡಿದು ನೋಡಿ, "ಯಾರು ಸಾಕಿದ್ದು, ಒಳ್ಳೇ ಗಟ್ಟಿ ಗೂಡು" ಎಂದು ಯಾರಾದರೂ ಕೇಳಿದರೆ "ನಮ್ದೇ" ಅನ್ನುತ್ತಿದ್ದೆ. ಆ ಮಾತಿನಲ್ಲಿ ತಪ್ಪೇನೂ ಇಲ್ಲ ಎಂದುಕೊಂಡೇ ಇಷ್ಟು ವರ್ಷ ಕಳೆದೆ.

ಒಂದು ಭಾನುವಾರ ಮೊಮ್ಮಗಳು ಬಂದು ಜಗಲಿಯ ಮೇಲೆ ಕೂತು ತನ್ನ ಕಾಲೇಜಿನ ವಿಷಯ ಹೇಳುತ್ತಿದ್ದಳು.

"ತಾತ, ನಮ್ ಮಕ್ಕಳಿಗೆ ಪುಸ್ತಕ ಕೈಗೆ ಬರೋಷ್ಟರಲ್ಲಿ ಅರ್ಧ ಸೆಮಿಸ್ಟರ್ ಮುಗಿದಿರುತ್ತೆ. ಬಂದ್ರೂ ಎಲ್ರಿಗೂ ತಗೊಳೋಕಾಗಲ್ಲ. ಅದಕ್ಕೆ ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರ, ಈ ಕಡೆ ಮೇಷ್ಟ್ರುಗಳೆಲ್ಲ ಸೇರಿ ನಾವೇ ಪಾಠ ಮಾಡಿ ನೆಟ್ಟಲ್ಲಿ ಹಾಕ್ತಾ ಇದೀವಿ. ಮುಕ್ತ ಪಠ್ಯ ಅಂತ. ಯಾರು ಬೇಕಾದ್ರೂ ಮೊಬೈಲಲ್ಲೇ ಓದ್ಕೋಬಹುದು."

"ಎಷ್ಟಕ್ಕೆ ಕೊಡ್ತೀರ?"

"ಬಿಟ್ಟಿ ತಾತ."

"ಪಾಠಾನೆಲ್ಲ ಬಿಟ್ಟಿ ಹಂಚಿಬಿಟ್ರೆ ನಾಳೆ ನಿನ್ನ ಯಾಕಮ್ಮ ಕಾಲೇಜಿಗೆ ಕರೀತಾರೆ?"

"ಹಾಡು ಮೊಬೈಲಲ್ಲಿದೆ ಅಂತ ಅಜ್ಜಿ ಸೋಬಾನೆ ಹೇಳೋದು ಬಿಟ್ಟಿದಾರಾ? ಓದಿ ಹೇಳೋರು ಬೇಕೇ ಬೇಕು. ಇನ್ನೊಂದು ಕಾಲೇಜಿನೋರು ನಮ್ಮ ಪಾಠ ತಗೊಂಡು, ಅವರ ಮಕ್ಕಳಿಗೆ ಹೊಂದೋ ಹಂಗೆ ತಿದ್ಕೋಬಹುದು, ಸೇರಿಸ್ಕೋಬಹುದು, ಅವರೂ ಇನ್ನೊಬ್ರಿಗೆ ಕೊಡಬಹುದು. ಒಂದೇ ಒಂದು ಷರತ್ತು. ಇದು ಯಾರದ್ದು ಅಂತ ಹೆಸರು ಹಾಕ್ಬೇಕು."

ಆಗ ನನಗೆ ಥಟ್ಟನೆ ಅರ್ಥವಾಯಿತು. ನಮ್ಮಲ್ಲಿ ಹಿಪ್ಪುನೇರಳೆ ಕಡ್ಡಿಯ ವಿಷಯವೂ ಹೀಗೇ. ಹೊಸದಾಗಿ ತೋಟ ಹಾಕುವವರು ಬಂದು ಕೇಳಿದರೆ, ಗಿಡ ಸವರುವ ಕಾಲದಲ್ಲಿ ಕಡ್ಡಿಗೆ ಯಾರೂ ಬೆಲೆ ಕೇಳುತ್ತಿರಲಿಲ್ಲ. ನನ್ನ ತೋಟದ ಕಡ್ಡಿ ಮಂಡಿಕಲ್ ಕಡೆಯ ಒಬ್ಬ ದೊಡ್ಡ ಮನುಷ್ಯರು ಕೊಟ್ಟಿದ್ದು. ನನ್ನಿಂದ ಎಷ್ಟೋ ಜನ ಒಯ್ದಿದ್ದಾರೆ. ಆದರೆ ತೋಟ ಚೆನ್ನಾಗಿ ಬಂದ ಮೇಲೆ, ಇದು ಇಂಥವರ ತೋಟದ ಕಡ್ಡಿ ಎಂದು ಹೇಳಲೇಬೇಕು. ಒಬ್ಬ ನನ್ನ ಕಡ್ಡಿ ಒಯ್ದು, ತಾನೇ ಎಲ್ಲಿಂದಲೋ ತರಿಸಿದ್ದು ಎಂದು ಹೇಳಿಕೊಂಡು ತಿರುಗಿದ್ದಕ್ಕೆ ನಾನು ಅವನ ಮನೆಯ ಮದುವೆ ಊಟಕ್ಕೆ ಹೋಗಿರಲಿಲ್ಲ. ಇದನ್ನು ಮೊಮ್ಮಗಳಿಗೆ ಹೇಳಿದೆ. ಅವಳಿಗೆ ಎಷ್ಟು ಖುಷಿಯಾಯಿತೆಂದರೆ, "ತಾತ, ಕ್ಲಾಸಲ್ಲಿ ಇದನ್ನೇ ಹೇಳ್ತೀನಿ, ಇದಕ್ಕಿಂತ ಚೆನ್ನಾಗಿ ನಂಗೆ ಹೇಳೋಕೆ ಬರಲ್ಲ" ಅಂದಳು. ಕಾಲೇಜು ಮೇಡಂ ನನ್ನ ಬಾಯಿಂದ ಒಂದು ಮಾತು ಕಲಿತಳಲ್ಲ ಎಂದು ಅವತ್ತು ನನಗೆ ಮುದ್ದೆ ಒಂದು ಜಾಸ್ತಿ ಹೋಯಿತು. ಆ ಹಿಗ್ಗೇ ನನ್ನನ್ನು ಕೆಡಿಸಿತು ಎಂದು ಈಗ ಅನ್ನಿಸುತ್ತದೆ.

ಅವಳಿಗೆ ಬೇಕಾಗಿದ್ದ ಪಾಠ ಕಸುಬಿನ ಮಾತಿನದು. ಒಂದೊಂದು ಕಸುಬು ಮಾಡುವವರು ತಮ್ಮ ಬಾಯಲ್ಲಿ ಹೇಗೆ ಹೇಳುತ್ತಾರೋ ಹಾಗೇ ಬರೆದು, ಮಕ್ಕಳಿಗೆ ಕನ್ನಡ ಪಾಠವಾಗಿ ಕೊಡುವುದು. ಗೌರಿಬಿದನೂರಿನ ಒಬ್ಬ ಮೇಡಂ ನೇಯುವವರ ಹತ್ತಿರ ಹೇಳಿಸಿಕೊಂಡಿದ್ದರಂತೆ. "ನಾನು ಅಜ್ಜಿ ಹತ್ರ ಹುಳು ಸಾಕೋದು ಹೇಳಿಸ್ಕೋತೀನಿ" ಎಂದು ಮುಂದಿನ ಭಾನುವಾರ ಫೋನು ಹಿಡಿದು ಬಂದಳು. ಅಜ್ಜಿಯ ಹತ್ತಿರ ಎಂದೇ ಹೇಳಿದ್ದಳು. ಇದರಲ್ಲಿ ನನಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ.

ಹುಳುಗಳು ನಾಲ್ಕನೇ ಜ್ವರ ಎದ್ದು ಮೇಯುತ್ತಿದ್ದ ದಿನ ಅದು. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆ ಎತ್ತಿ ಅಲ್ಲಾಡದೆ ಕೂತು, ಹಳೆಯ ಪೊರೆ ಕಳಚುವುದಕ್ಕೆ ನಾವು ಹಾಗೆನ್ನುತ್ತೇವೆ. ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಹೀಗೆ ಕೂತು ಏಳುತ್ತವೆ. ನಾಲ್ಕನೆಯದು ಎದ್ದ ಮೇಲೆ ಅವಕ್ಕೆ ಎಷ್ಟು ಸೊಪ್ಪು ಹಾಕಿದರೂ ಸಾಲದು. ಮೊಮ್ಮಗಳು ಹೊಸ್ತಿಲ ಹೊರಗಿನಿಂದ ಕರೆದಾಗ ಅಜ್ಜಿಯ ದನಿ ಒಳಗಿನಿಂದ ಬಂತು. "ಇರು ಕಂದಾ, ಈ ಒಂದು ಸೊಪ್ಪು ಹಾಕ್ಬಿಟ್ಟು ಬರ್ತೀನಿ."

"ಅವಳ ಒಂದು ಸೊಪ್ಪು ಮುಗಿಯೋದು ಸಂಜೆಗೆ ಕಣಮ್ಮ" ಅಂದೆ ನಾನು. "ನನ್ನ ಕೇಳು. ನಲವತ್ತು ವರ್ಷದಿಂದ ನೋಡ್ತಾ ಇಲ್ವಾ?"

"ಅಜ್ಜೀನೇ ಹೇಳಿದ್ರೆ ಚೆನ್ನಾಗಿತ್ತು ತಾತ."

"ಅವಳ ಮುಂದೆ ಫೋನ್ ಹಿಡಿದ್ರೆ ಮಾತೇ ಹೊರಡಲ್ಲ ತಾಯಿ. ನಿನ್ನ ಬಸ್ಸು ತಪ್ಪೋಗುತ್ತೆ."

ಅವಳು ಗಡಿಯಾರ ನೋಡಿಕೊಂಡಳು. ನಾನು ಟವಲ್ಲು ಸರಿಮಾಡಿಕೊಂಡು ಕೂತೆ. ಒಂದು ಗಂಟೆ ಮಾತಾಡಿದೆ. ಹೇಳಿದ್ದರಲ್ಲಿ ಬಹುಪಾಲು ಸರಿಯೇ ಇತ್ತು. ಹೊಸ್ತಿಲಾಚೆ ನಿಂತು ನಲವತ್ತು ವರ್ಷ ಅವಳು ಸೊಸೆಗೆ ಹೇಳುವುದನ್ನು, ತನ್ನಷ್ಟಕ್ಕೆ ಗೊಣಗುವುದನ್ನು ಕೇಳಿಸಿಕೊಂಡಿದ್ದೆನಲ್ಲ. ಹಣ್ಣಾದ ಹುಳುವನ್ನು ಬೆಳಕಿಗೆ ಹಿಡಿದರೆ ಮೈ ತಿಳಿಯಾಗಿ ಕಾಣುತ್ತದೆ, ಕೊನೆಯ ಹಿಕ್ಕೆ ಮೆತ್ತಗೆ ಒದ್ದೆಯಾಗಿರುತ್ತದೆ, ಆಗಲೇ ಚಂದ್ರಿಕೆ ಎಂಬ ಬಿದಿರಿನ ತಟ್ಟಿಗೆ ಬಿಟ್ಟು ಗೂಡು ಕಟ್ಟಿಸಬೇಕು. ಇದೆಲ್ಲ ಅವಳ ಮಾತು. ನಾನು "ಹಿಡಿದು ನೋಡ್ತೀನಿ", "ಆರಿಸಿ ಬಿಡ್ತೀನಿ" ಎಂದು ಹೇಳುತ್ತಾ ಹೋದೆ. ಒಮ್ಮೆ ಹಾಗೆ ಶುರುಮಾಡಿದ ಮೇಲೆ ನಡುವೆ ನಿಲ್ಲಿಸಲು ಆಗಲಿಲ್ಲ.

ಆಮೇಲೆ ಅವಳು ಜಗಲಿಯ ಮೂಲೆಯಲ್ಲಿದ್ದ ಸುಣ್ಣದ ಮೂಟೆ ನೋಡಿ, "ಸುಣ್ಣ ಯಾವಾಗ ಹಾಕ್ತೀಯ ತಾತ?" ಎಂದು ಕೇಳಿದಳು.

ಸುಣ್ಣದ ಪುಡಿಯೂ ಬೆಳ್ಳಗೆ, ಔಷಧಿ ಪುಡಿಯೂ ಬೆಳ್ಳಗೆ. ಎರಡು ಮೂಟೆಯನ್ನೂ ಹೊತ್ತು ತಂದವನು ನಾನು. ಯಾವುದನ್ನು ಯಾವಾಗ ಉದುರಿಸುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಹೊಸ್ತಿಲು ನಾಲ್ಕು ಹೆಜ್ಜೆ. ಹೋಗಿ "ಏಯ್, ಸುಣ್ಣ ಯಾವಾಗ?" ಎಂದಿದ್ದರೆ ಮುಗಿದಿತ್ತು. ಫೋನಿನಲ್ಲಿ ಕೆಂಪು ಚುಕ್ಕೆ ಹತ್ತಿಕೊಂಡಿತ್ತು. ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಜ್ವರ ಎದ್ದ ಮೇಲೆ ಕಣಮ್ಮ" ಅಂದೆ. "ಸೊಪ್ಪು ಹಾಕೋ ಮುಂಚೆ, ಹುಳು ಬೆಳ್ಳಗಾಗೋ ಹಂಗೆ ಸುಣ್ಣ ಉದುರಿಸ್ತೀನಿ. ಅದರಿಂದ ಹುಳು ಗಟ್ಟಿಯಾಗ್ತವೆ."

ಗಟ್ಟಿಯಾಗುತ್ತವೆ ಎಂಬುದನ್ನು ಅಲ್ಲೇ, ಆ ಗಳಿಗೆಯಲ್ಲೇ ಹುಟ್ಟಿಸಿದೆ.

ಅವಳು ಬಸ್ಸಿಗೆ ಹೊರಟ ಸ್ವಲ್ಪ ಹೊತ್ತಿಗೆ ನನ್ನ ಹೆಂಡತಿ ಹಿತ್ತಿಲ ಕಡೆಯಿಂದ ಬಂದಳು. ಮುಖ ತೊಳೆದಿದ್ದಳು. ಹುಳು ಮನೆಯ ಹಳೆಯ ಸೀರೆ ಬಿಟ್ಟು, ಒಗೆದಿಟ್ಟಿದ್ದ ನೀಲಿ ಸೀರೆ ಉಟ್ಟಿದ್ದಳು. ಹಣೆಗೆ ಹೊಸದಾಗಿ ಕುಂಕುಮ ಇಟ್ಟಿದ್ದಳು. ಜಗಲಿ ಖಾಲಿ ಇದ್ದದ್ದನ್ನು ನೋಡಿ ನಿಂತಳು.

"ಹೊರಟೇಹೋದ್ಲಾ?"

"ಬಸ್ಸಿಗೆ ಹೊತ್ತಾಯ್ತು. ಎಲ್ಲಾ ನಾನೇ ಹೇಳ್ದೆ."

"ಎಲ್ಲಾನೂವಾ?"

"ಹ್ಞೂಂ."

"ಸರಿ ಬಿಡಿ" ಎಂದು ಒಳಗೆ ಹೋಗಿ ಮತ್ತೆ ಹಳೆಯ ಸೀರೆ ಸುತ್ತಿಕೊಂಡು ಬಂದಳು. ಅವಳು ಸೀರೆ ಬದಲಾಯಿಸಿದ್ದು ಯಾಕೆ ಎಂದು ನನಗೆ ಅವತ್ತೇ ಗೊತ್ತಾಗಿತ್ತು. ಗೊತ್ತಾಗದವನಂತೆ ಸೊಪ್ಪಿಗೆ ಹೋದೆ.

ಒಂದು ತಿಂಗಳಿಗೆ ಪಾಠ ಮೊಬೈಲಿನಲ್ಲಿ ಬಂತು. ಕೆಳಗೆ, ಹೇಳಿದವರು ಎಂದು ನನ್ನ ಹೆಸರು, ನಮ್ಮ ಊರಿನ ಹೆಸರು. ಅದನ್ನು ನೋಡಿ ನಾನು ಏನು ಮಾಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಶಿಡ್ಲಘಟ್ಟಕ್ಕೆ ಹೋಗಿ ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಪ್ರಿಂಟ್ ತೆಗೆಸಿದೆ. ನಾಲ್ಕು ಹಾಳೆಯಾಯಿತು. ಲ್ಯಾಮಿನೇಷನ್ ಮಾಡಿಸಿದೆ. ಮಾರುಕಟ್ಟೆಯಲ್ಲಿ ಗುರುತಿನವರಿಗೆಲ್ಲ ತೋರಿಸಿದೆ. ಗೂಡು ಕೊಂಡು ನೂಲು ತೆಗೆಯುವ ಒಬ್ಬ ರೀಲರು, "ಏಮಿ ಪೆದ್ದಾಯನಾ, ಇನ್ಮೇಲೆ ನಿಮ್ಮನ್ನ ಸಾರ್ ಅನ್ಬೇಕಾ?" ಅಂದ. "ಅಂದ್ರೆ ಬೇಡ ಅನ್ನಲ್ಲ" ಅಂದೆ. ಮನೆಗೆ ತಂದು ದೇವರ ಪಟಗಳ ಪಕ್ಕ ಮೊಳೆ ಹೊಡೆದು ತೂಗುಹಾಕಿದೆ.

ಅವತ್ತು ಸಂಜೆ ನನ್ನ ಹೆಂಡತಿ ಕಾಳು ಬಿಡಿಸುತ್ತಾ ಕೂತು, "ಅದೇನು ಬರೆದಿದಾಳೆ ಮಗು, ಓದಿ ಹೇಳಿ" ಅಂದಳು.

ಹಾಳೆ ಇಳಿಸಿ ಓದತೊಡಗಿದೆ. ಮೂರನೇ ಸಾಲಿಗೆ ಬರುವಷ್ಟರಲ್ಲಿ ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಎಲ್ಲ ಸಾಲಿನಲ್ಲೂ ನಾನು, ನಾನು. ಎದುರಿಗೆ ಅವಳು ಕೂತಿದ್ದಾಳೆ. ಅವಳ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸೊಪ್ಪಿನ ಹಸಿರು ಇನ್ನೂ ಹೋಗಿಲ್ಲ. ಆಗ ನಾನು ಹಾಳೆಯಲ್ಲಿ ಇಲ್ಲದ್ದನ್ನು ಓದಿದೆ. "ಇದನ್ನೆಲ್ಲ ನನ್ನ ಹೆಂಡತಿ ಮಾಡುತ್ತಾಳೆ" ಎಂದು ಒಂದು ಕಡೆ ಸೇರಿಸಿದೆ. "ಇದು ಅವಳ ಕೈಗುಣ" ಎಂದು ಇನ್ನೊಂದು ಕಡೆ ಸೇರಿಸಿದೆ. ಸುಣ್ಣದ ಸಾಲು ಬಂದಾಗ ಹಾರಿಸಿದೆ. ಕೊನೆಗೆ ಅವಳ ಹೆಸರನ್ನೂ ಓದಿದೆ, ನನ್ನ ಹೆಸರಿನ ಪಕ್ಕದಲ್ಲಿ.

ಅವಳು ಕಾಳು ಬಿಡಿಸುವುದನ್ನು ನಿಲ್ಲಿಸಿದಳು. "ನನ್ನ ಹೆಸರೂ ಹಾಕಿದಾಳಾ?"

"ಹಾಕಿದಾಳೆ."

"ಎಲ್ಲಿ, ತೋರ್ಸಿ."

ಎಲ್ಲೋ ಒಂದು ಕಡೆ ಬೆರಳಿಟ್ಟು ತೋರಿಸಿದೆ. ಓದು ಬಾರದ ಕಣ್ಣಿಗೆ ಯಾವ ಅಕ್ಷರವಾದರೇನು ಎಂಬ ಧೈರ್ಯ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು ಅಲ್ಲಿ ಮುಟ್ಟಿ ನೋಡಿದಳು. ಅವಳು ಮುಟ್ಟಿದ್ದು "ಚಂದ್ರಿಕೆ" ಎಂಬ ಮಾತನ್ನು.

ಅವರೆಕಾಯಿ ಕಾಲ ಬಂತು. ಚಿಕ್ಕ ಮಗ ಟೊಮ್ಯಾಟೊ ಹಾಕಿಕೊಂಡು ಚಿಂತಾಮಣಿ ಮಾರುಕಟ್ಟೆಗೆ ಹೋಗುವಾಗ ನನ್ನ ಹೆಂಡತಿ ಒಂದು ಚೀಲ ಸೊಗಡಿನ ಅವರೆಕಾಯಿ ಕಟ್ಟಿ ಮೊಮ್ಮಗಳಿಗೆ ಕಳಿಸಿದಳು. ಜೊತೆಗೆ ಮಾತೂ ಹೇಳಿ ಕಳಿಸಿದಳು. ಇದು ನನಗೆ ಗೊತ್ತಿರಲಿಲ್ಲ. ಅವತ್ತು ಮಧ್ಯಾಹ್ನ ನಾನು ತೋಟದಲ್ಲಿದ್ದಾಗ ಫೋನು ಬಂತು.

"ತಾತ, ಅವರೆಕಾಯಿ ಬಂತು. ಪಾಠದಲ್ಲಿ ನನ್ನ ಹೆಸರು ಹಾಕಿದಾಳಲ್ಲ, ಅದಕ್ಕೆ ಕೊಡು ಅಂತ ಅಜ್ಜಿ ಹೇಳಿ ಕಳಿಸಿದಾರೆ. ಚಿಕ್ಕಪ್ಪ ಹಂಗಂದ್ರು." ಆಮೇಲೆ, "ಅಜ್ಜಿ ಹೆಸರು ನಾನು ಹಾಕೇ ಇಲ್ವಲ್ಲ ತಾತ?" ಅಂದಳು.

ನಾನು ಕೊಯ್ದಿದ್ದ ಸೊಪ್ಪನ್ನು ಹೊರೆಗೆ ತುರುಕತೊಡಗಿದೆ.

"ಇನ್ನೊಂದು ವಿಷಯ. ಪಾಠದ ಕೆಳಗೆ ಓದಿದೋರು ಅಭಿಪ್ರಾಯ ಬರೆಯೋ ಜಾಗ ಇದೆ. ಗೌರಿಬಿದನೂರು ಕಾಲೇಜಿನ ಒಬ್ಬ ಹುಡುಗಿ ಬರೆದಿದಾಳೆ. ಓದ್ಲಾ? ಈ ತಾತ ಹುಳು ಮನೆಯೊಳಗೆ ಯಾವತ್ತೂ ಹೋದಂಗಿಲ್ಲ. ಜ್ವರ ಎದ್ದ ಹುಳುವಿಗೆ ಸುಣ್ಣ ಹಾಕಿದ್ರೆ ನಮ್ಮಮ್ಮ ಅದೇ ಸುಣ್ಣ ನನ್ನ ತಲೆಗೆ ಹಾಕ್ತಾರೆ, ಅಂತ. ಅದರ ಕೆಳಗೆ ಇನ್ನೂ ಹತ್ತು ಹದಿನೈದು ಮಕ್ಕಳು ನಕ್ಕಿರೋ ಗುರುತು ಹಾಕಿದಾರೆ."

"ಬಸ್ಸು ಬಂತು ಕಣಮ್ಮ, ಆಮೇಲೆ ಮಾತಾಡ್ತೀನಿ" ಎಂದು ಫೋನು ಇಟ್ಟುಬಿಟ್ಟೆ. ಹಿಪ್ಪುನೇರಳೆ ತೋಟದ ನಡುವೆ ಯಾವ ಬಸ್ಸು ಬರುತ್ತದೆ? ಅವಳಿಗೂ ಹಿಂದೆ ಹಕ್ಕಿ ಕೂಗುವುದು ಕೇಳಿಸಿರಬೇಕು.

ಎರಡು ದಿನ ಅವಳ ಫೋನು ಎತ್ತಲಿಲ್ಲ. ಮೂರನೆಯ ದಿನ ಚಿಕ್ಕ ಮಗನ ಫೋನಿಗೆ ಮಾಡಿ ನನಗೆ ಕೊಡಿಸಿದಳು. ಅವಳು ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು.

"ತಾತ, ಶನಿವಾರ ಚಿಕ್ಕಬಳ್ಳಾಪುರದಲ್ಲಿ ನಾವು ಮೇಷ್ಟ್ರುಗಳೆಲ್ಲ ಸೇರ್ತೀವಿ. ಹಳ್ಳಿಯೋರು ಬಾಯಿಗೆ ಬಂದಿದ್ದು ಹೇಳ್ತಾರೆ, ಅದನ್ನ ಪಾಠ ಮಾಡಬಾರದು ಅಂತ ಕೆಲವರು ಮೊದ್ಲಿಂದಾನೂ ಅಂತಿದ್ರು. ಈಗ ಅವರ ಕೈಗೆ ಇದು ಸಿಕ್ಕಿದೆ. ಪಾಠ ಇಟ್ಕೊಳ್ಳೋದಾ ತೆಗೆಯೋದಾ ಅಂತ ಮಾತು ಬರುತ್ತೆ. ನಾನು ಅಲ್ಲಿ ಏನು ಹೇಳ್ಲಿ? ನೀನೇ ಹೇಳು."

"ಶುಕ್ರವಾರ ಮನೆಗೆ ಬಾ ತಾಯಿ" ಅಂದೆ. ಯಾರ ಸುದ್ದಿಯನ್ನು ಬಸ್ಸಿನ ತುಂಬ ಸಾರಿಕೊಂಡು ತಿರುಗಿದೆನೋ, ಅವಳನ್ನೇ ಹತ್ತು ಜನರ ಮುಂದೆ ತಲೆ ತಗ್ಗಿಸುವಂತೆ ಮಾಡಿದ್ದೆ.

ಅವಳು ಬರುವ ಮುಂಚೆ ಹೆಂಡತಿಗೆ ಹೇಳಬೇಕಿತ್ತು. ಗುರುವಾರ ಮಧ್ಯಾಹ್ನ ಸೊಪ್ಪಿನ ಹೊರೆ ಹೊಸ್ತಿಲಿಗೆ ಹಾಕಿ, ಹೋಗದೆ ಅಲ್ಲೇ ನಿಂತೆ. ಅವಳು ತಟ್ಟೆ ಸರಿಮಾಡುತ್ತಿದ್ದಳು.

"ಏನು, ಹಂಗೇ ನಿಂತ್ರಿ?"

"ಆ ಪಾಠದಲ್ಲಿ ನಿನ್ನ ಹೆಸರಿಲ್ಲ."

ಅವಳು ತಿರುಗಿ ನೋಡಿದಳು.

"ಅವಳು ತಪ್ಪು ಮಾಡಲಿಲ್ಲ. ಎಲ್ಲಾ ನಾನೇ ಮಾಡೋದು ಅಂತ ನಾನು ಹೇಳ್ದೆ. ಅವಳು ಹಂಗೇ ಬರ್ಕೊಂಡ್ಲು. ಅವತ್ತು ನಾನು ಓದಿದ್ದು ಸುಳ್ಳು."

ಅವಳು ಒಂದು ತಟ್ಟೆ ಮುಗಿಸಿ, ಇನ್ನೊಂದು ಮುಗಿಸಿ, ಕೈ ತೊಳೆದು ಬಂದು ಹೊಸ್ತಿಲ ಒಳಗೆ ಕೂತಳು. "ಆ ಹಾಳೆ ತಗೊಂಡ್ಬನ್ನಿ. ಈಗ ಅದರಲ್ಲಿ ಇದ್ದಂಗೆ ಓದಿ" ಅಂದಳು.

ಹೊಸ್ತಿಲ ಹೊರಗೆ ಕೂತು ಓದಿದೆ. ನಾಲ್ಕು ಹಾಳೆ, ಒಂದು ಅಕ್ಷರ ಬಿಡದೆ. ಪ್ರತಿಯೊಂದು "ನಾನು" ಬಂದಾಗಲೂ ತಲೆ ಎತ್ತದೆ ಓದಿದೆ. ಸುಣ್ಣದ ಸಾಲು ಬಂತು. ಅದನ್ನೂ ಓದಿದೆ.

ಅವಳು ನಕ್ಕುಬಿಟ್ಟಳು. ತಡೆಯಲಾರದೆ ಬಂದ ನಗೆ. "ಎದ್ದ ಮೇಲೆ ಸುಣ್ಣಾನಾ? ಹುಳು ಜ್ವರಕ್ಕೆ ಕೂತಾಗ ಕೆಳಗಿನ ಸೊಪ್ಪಿನ ಹಾಸಿಗೆ ಒಣಗ್ಲಿ ಅಂತ ಸುಣ್ಣ ಉದುರಿಸೋದು. ಎದ್ದ ಮೇಲೆ, ಸೊಪ್ಪಿಗೆ ಮುಂಚೆ, ಔಷಧಿ ಪುಡಿ. ಗಟ್ಟಿಯಾಗ್ತವಂತೆ. ಯಾರ್ರೀ ಹೇಳಿದ್ರು ನಿಮಗೆ?"

"ಯಾರೂ ಹೇಳ್ಲಿಲ್ಲ."

"ಕೂಗಿದ್ರೆ ನಾನು ಹೇಳ್ತಿರ್ಲಿಲ್ವಾ? ಇಲ್ಲೇ ಇದ್ನಲ್ಲ."

ಅವಳ ನಗು ಮೆಲ್ಲಗೆ ಇಳಿಯಿತು. ಸೆರಗು ಸುತ್ತಿಕೊಂಡು ಎದ್ದು ಒಳಗೆ ಹೋಗುತ್ತಾ, "ಆ ಮಗೂಗೆ ಏನು ಅನ್ನಿಸ್ತೋ, ನನ್ನ ಹೆಸರು ಹಾಕಿದ್ಯ ಅಂತ ಅವರೆಕಾಯಿ ಬೇರೆ ಕಳಿಸ್ಬಿಟ್ಟೆ" ಅಂದಳು. ನನ್ನ ಮೇಲೆ ಸಿಟ್ಟು ಮಾಡಿಕೊಳ್ಳಬೇಕಾದವಳು, ತಾನೇ ತಪ್ಪು ಮಾಡಿದವಳಂತೆ ನಾಚಿಕೊಂಡಳು. ಅವಳ ಪಾಲಿನ ಹೆಸರು ಕದ್ದದ್ದಲ್ಲದೆ ನನ್ನ ನಾಚಿಕೆಯನ್ನೂ ಅವಳ ಮೇಲೆ ಹೊರಿಸಿದ್ದೆ. ಆ ರಾತ್ರಿ ಊಟಕ್ಕೆ ಅವಳು ಎಂದಿನಂತೆ ಬಡಿಸಿದಳು. ತನ್ನ ಊಟವನ್ನು ಮಾತ್ರ ಸೊಸೆಯ ಜೊತೆ ಒಲೆಯ ಹತ್ತಿರ ಮುಗಿಸಿದಳು.

ಶುಕ್ರವಾರ ಮೊಮ್ಮಗಳು ಬಂದಳು. ಅಜ್ಜಿ ಅವಳ ಕಾಲನ್ನು ಔಷಧಿ ನೀರಿನಲ್ಲಿ ತೊಳೆಸಿದಳು, ಫೋನನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಟ್ಟಳು. ಹುಟ್ಟಿದ ಮೇಲೆ ಮೊದಲ ಸಲ ಮೊಮ್ಮಗಳು ಹುಳು ಮನೆಯೊಳಗೆ ಹೋದಳು. ನಾನು ಹೊರಗೆ. ನೀಲಿ ಸೀರೆ ಉಟ್ಟುಕೋ ಎಂದು ಹೆಂಡತಿಗೆ ಹೇಳೋಣ ಅನ್ನಿಸಿತು, ಹೇಳುವ ಮುಖ ಇರಲಿಲ್ಲ. ಅವಳು ಹಳೆಯ ಸೀರೆಯಲ್ಲೇ ಹೇಳಿದಳು. ಫೋನಿನ ಮುಂದೆ ಅವಳ ಮಾತು ಹೊರಡುವುದಿಲ್ಲ ಎಂದು ನಾನು ಹೇಳಿದ್ದೆನಲ್ಲ, ಎರಡೂವರೆ ಗಂಟೆ ಮಾತಾಡಿದಳು. ಹುಳು ಕೂತಿದೆಯೋ ಇಲ್ಲವೋ ಎಂದು ತಲೆಯ ಬಣ್ಣ ನೋಡಿ ಹೇಳುವುದು, ಬಿಸಿಲುಗಾಲದಲ್ಲಿ ಸುಣ್ಣ ಉದುರಿಸುವಾಗ ಕೈ ಬಿಗಿಹಿಡಿ ಎನ್ನುವುದು, ನಲವತ್ತು ವರ್ಷ ಬಾಗಿಲಲ್ಲಿ ನಿಂತ ನನಗೂ ಗೊತ್ತಿಲ್ಲದ ಎಷ್ಟೋ ವಿಷಯ.

ಆಮೇಲೆ ಮೊಮ್ಮಗಳು ಜಗಲಿಯಲ್ಲಿ ಲ್ಯಾಪ್‌ಟಾಪ್ ತೆಗೆದು ಕೂತಳು. "ನನ್ನ ಹೆಸರು ತೆಗೆದುಬಿಡಮ್ಮ" ಅಂದೆ.

ಒಳಗಿನಿಂದ ಅಜ್ಜಿ, "ಸೊಪ್ಪು ಕೊಯ್ಯೋದು ಹೇಳಿದಾರಲ್ಲ, ಅದು ಸರಿಯಾಗೇ ಇದೆ. ಅಷ್ಟಕ್ಕೆ ಇರ್ಲಿ ಬಿಡು" ಅಂದಳು. ಹಿಂದಿನ ದಿನದಿಂದ ನನ್ನ ವಿಷಯವಾಗಿ ಅವಳು ಆಡಿದ ಮೊದಲ ಮಾತು.

ಅಜ್ಜಿಯ ಹೆಸರು ಮೇಲೆ ಬಂತು. ಸೊಪ್ಪಿನ ಭಾಗಕ್ಕೆ ಮಾತ್ರ ನನ್ನ ಹೆಸರು. ಸುಣ್ಣದ ಸಾಲು ಹೋಯಿತು. "ಪೂರ್ತಿ ಹೋಯ್ತಾ?" ಎಂದು ಕೇಳಿದೆ.

"ಇಲ್ಲ ತಾತ. ಹಳೇದೂ ಉಳಿದಿರುತ್ತೆ. ಯಾರು ಏನು ತಿದ್ದಿದ್ರು ಅಂತ ಬೇಕಾದೋರು ತೆಗೆದು ನೋಡಬಹುದು. ಯಾಕೆ ತಿದ್ದಿದ್ದು ಅಂತ ಇಲ್ಲಿ ಬರೀಬೇಕು." ಒಂದು ಚಿಕ್ಕ ಚೌಕ ತೋರಿಸಿದಳು. "ಮಾಹಿತಿ ಸರಿಪಡಿಸಲಾಗಿದೆ ಅಂತ ಹಾಕ್ಲಾ?"

"ಹಂಗೆ ಹಾಕಿದ್ರೆ ಯಾರ ತಪ್ಪು ಅಂತ ಗೊತ್ತಾಗುತ್ತಾ?"

"ಗೊತ್ತಾಗಲ್ಲ." ಅವಳು ನನಗೆ ದಾರಿ ಬಿಟ್ಟುಕೊಡುತ್ತಿದ್ದಳು. ನನ್ನ ಮುಖ ನೋಡದೆ ಹೇಳಿದ್ದರಲ್ಲೇ ಅದು ತಿಳಿಯುತ್ತಿತ್ತು.

"ನಾಳೆ ಅಲ್ಲಿ ನಿನ್ನ ಕೇಳ್ತಾರಲ್ಲ ತಾಯಿ. ಇದ್ದಿದ್ದೇ ಹಾಕು. ಹಳ್ಳಿಯೋರೆಲ್ಲ ಬಾಯಿಗೆ ಬಂದಿದ್ದು ಹೇಳಲ್ಲ, ಹೇಳಿದೋನು ನಾನೊಬ್ಬ. ಬರ್ಕೊ. ಸುಣ್ಣದ ವಿಷಯ ಹೇಳಿದವನು ಹುಳು ಮನೆಯೊಳಗೆ ಕೆಲಸ ಮಾಡಿದವನಲ್ಲ. ಗೊತ್ತಿಲ್ಲದೆ, ಗೊತ್ತಿದ್ದ ಹೆಂಡತಿಯನ್ನೂ ಕೇಳದೆ ಹೇಳಿದ್ದಾನೆ."

ಅವಳು ಅಷ್ಟನ್ನೂ ಬರೆದು ಗಟ್ಟಿಯಾಗಿ ಓದಿದಳು. ಒಳಗಿನಿಂದ ಅಜ್ಜಿಯ ದನಿ ಬಂತು. "ಹೊಗೆಸೊಪ್ಪಿನ ವಿಷಯಾನೂ ಹಾಕು. ಇಲ್ದಿದ್ರೆ ತಾತನ್ನ ಯಾಕೆ ಒಳಗೆ ಬಿಡ್ಲಿಲ್ಲ ಅಂತ ಆ ಮಕ್ಕಳಿಗೆ ಗೊತ್ತಾಗಲ್ಲ."

ಮೊಮ್ಮಗಳು ನನ್ನ ಕಡೆ ನೋಡಿದಳು. "ಹಾಕು" ಅಂದೆ.

ಶನಿವಾರ ಸಂಜೆ ಅವಳು ಫೋನು ಮಾಡಿದಳು. ಆ ಚೌಕದಲ್ಲಿ ಬರೆದದ್ದನ್ನೇ ಎಲ್ಲರಿಗೂ ಓದಿ ಹೇಳಿದಳಂತೆ. ಪಾಠ ಉಳಿಯಿತು. ಇನ್ನು ಮೇಲೆ ಯಾವ ಕಸುಬಿನ ಮಾತೇ ಆಗಲಿ, ಆ ಕೆಲಸ ಮಾಡುವ ಜಾಗದಲ್ಲೇ ನಿಂತು, ಮಾಡುವವರ ಬಾಯಿಂದಲೇ ಹೇಳಿಸಿಕೊಳ್ಳಬೇಕು ಎಂದು ಅವರೆಲ್ಲ ಒಪ್ಪಿಕೊಂಡರಂತೆ. ನನ್ನ ಮೊಮ್ಮಗಳು ಅಷ್ಟು ಜನರ ನಡುವೆ ಎದ್ದು ನಿಂತು ಮಾತಾಡಿ ಗೆದ್ದು ಬಂದಳಲ್ಲ ಎಂದು ಎದೆ ಉಬ್ಬಿತು. ಅವಳು ಓದಿ ಹೇಳಿದ್ದು ಏನನ್ನು ಎಂಬುದು ನೆನಪಾಗಿ ಮತ್ತೆ ಅಷ್ಟೇ ಕುಗ್ಗಿತು. ಲ್ಯಾಮಿನೇಷನ್ ಹಾಳೆಯನ್ನು ಗೋಡೆಯಿಂದ ನಾನೇ ಇಳಿಸಿದೆ. ನನ್ನ ಹೆಂಡತಿ ಅದನ್ನು ಬಿಸಾಡಲು ಬಿಡದೆ ತೊಳೆದು ಒಳಗೆ ಒಯ್ದಳು. ತಟ್ಟೆಯ ಮೇಲೆ ಸುಣ್ಣವನ್ನು ಜರಡಿ ಹಿಡಿದಾದ ಮೇಲೆ ಅಂಚಿಗೆ ಬಿದ್ದದ್ದನ್ನು ಬಳಿದುಕೊಳ್ಳಲು ಅದು ಚೆನ್ನಾಗಿ ಆಗುತ್ತದಂತೆ.

ಹತ್ತು ದಿನದ ಮೇಲೆ ಪಾಠದ ಕೆಳಗೆ ಆ ಗೌರಿಬಿದನೂರಿನ ಹುಡುಗಿ ಇನ್ನೊಂದು ಮಾತು ಬರೆದಿದ್ದಳು. ಹೊಸ್ತಿಲ ಹೊರಗೆ ಕೂತು ಮೊಬೈಲಿನಲ್ಲಿ ಅದನ್ನು ನನ್ನ ಹೆಂಡತಿಗೆ ಓದಿದೆ. ಒಂದು ಅಕ್ಷರ ಸೇರಿಸಲಿಲ್ಲ, ಒಂದು ಅಕ್ಷರ ಬಿಡಲಿಲ್ಲ.

"ಈಗ ಸರಿಯಾಗಿದೆ. ಅಜ್ಜಿ ನಮ್ಮಮ್ಮನ ಹಾಗೇ ಮಾತಾಡುತ್ತಾರೆ. ತಾತ ಹೊಗೆಸೊಪ್ಪು ಬಿಡಲಿ."

"ಇನ್ನೊಂದ್ಸಲ ಓದಿ" ಅಂದಳು ಒಳಗಿನಿಂದ.

ಓದಿದೆ.